ಉಪ್ಪಂಚಿನ ಕೊನೆಯ ಮುಡಿ ಬೀಜ

ಮಳೆಲೆಕ್ಕ ಮುನ್ನೂರ ಹನ್ನೊಂದು, ಎರಡನೇ ಆಷಾಢ
ಉಪ್ಪಂಚು

ನೆಲದ ಪಾಠವನ್ನು ಮೊದಲು ಬರೆದಿಟ್ಟ ಹಿರಿಯರಿಗೆ,

ನಮಸ್ಕಾರ. ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ನೋಟುಪುಸ್ತಕದಿಂದಲೇ. ಹಾಗಾಗಿ ಗೊಬ್ಬರ, ಒಡ್ಡು, ಇಳಿಜಾರಿನ ಮಾತು ಸಲೀಸಾಗಿ ಬರುತ್ತದೆ. ಕ್ಷಮೆ ಕೇಳುವ ಮಾತು ಅದರಲ್ಲಿ ಎಲ್ಲೂ ಇಲ್ಲ, ಅದು ಮಾತ್ರ ಬರುವುದಿಲ್ಲ. ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಗವಿಸಿದ್ದವ್ವ. ಬಯಲುಸೀಮೆಯ ಒಡ್ಡುಶಾಲೆಯಲ್ಲಿ ಕಲಿತು, ಊರೂರು ತಿರುಗಿ ಕೂಡುಬೇಸಾಯ ಕಲಿಸುವವಳು. ನೆಲ, ನೀರು, ಮರ, ದನ, ಮನೆ ಒಂದಕ್ಕೊಂದು ಆಸರೆಯಾಗುವಂತೆ ಜೋಡಿಸುವುದನ್ನು ನಾವು ಹಾಗೆ ಕರೆಯುತ್ತೇವೆ. ನೀವು ಪರ್ಮಾಕಲ್ಚರ್ ಅನ್ನುತ್ತಿದ್ದಿರಂತೆ. ನಿಮ್ಮ ಪುಸ್ತಕದಲ್ಲಿ ನಲವತ್ತೆರಡು ಹಾಳೆ ಉಳಿದಿವೆ. ನಿಮ್ಮ ಹೆಸರು, ಊರು ಇದ್ದಿರಬಹುದಾದ ಮೊದಲ ಹಾಳೆ ಗೆದ್ದಲಿನ ಪಾಲಾಗಿದೆ. ಎರಡನೆಯ ಹಾಳೆಯ ಮೊದಲ ಸಾಲು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಹೊಸ ನೆಲಕ್ಕೆ ಹೋದಾಗ ಒಂದು ವರ್ಷ ಏನೂ ಮಾಡದೆ ನೋಡಿ. ಇದನ್ನು ನಾವು ವರ್ಷನಿಲುವು ಎನ್ನುತ್ತೇವೆ. ಹೊಲದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಕೈಕಟ್ಟಿಕೊಂಡು, ತಿಂಗಳಿಗೊಂದು ನಿಮಿಷದಂತೆ ಹನ್ನೆರಡು ನಿಮಿಷ ನಿಲ್ಲುತ್ತೇವೆ. ಒಂದೊಂದು ನಿಮಿಷಕ್ಕೂ ಒಂದೊಂದು ಮಾಸದ ಹೆಸರು ಹೇಳಬೇಕು. ಫಾಲ್ಗುಣದಲ್ಲಿ ಕೆಮ್ಮು ಬಂದರೂ ಮತ್ತೆ ಚೈತ್ರದಿಂದಲೇ ಶುರು. ನಾನು ಇಲ್ಲಿಯವರೆಗೆ ಒಮ್ಮೆಯೂ ಕೆಮ್ಮಿದವಳಲ್ಲ, ಶಾಲೆಯಲ್ಲಿ ನನಗೆ ಹೆಸರು ಬಂದದ್ದೇ ಅದರಿಂದ.

ಹೀಗೆ ಹನ್ನೆರಡು ನಿಮಿಷ ನಿಂತೇ ಹತ್ತು ವರ್ಷದ ಹಿಂದೆ ಬಡಗಣ ಹಿಮದ ಕಣಿವೆಯಲ್ಲಿ ಪಾಠ ಮಾಡಿದೆ. ಮನೆಯ ಪಡುವಣಕ್ಕೂ ತೆಂಕಣಕ್ಕೂ ದಟ್ಟ ನೆರಳಿನ ಮರ ನೆಡಿ ಎಂದು ನೀವು ಬರೆದಿದ್ದೀರಿ, ನೆಡಿಸಿದೆ. ಮರಗಳು ಚೆನ್ನಾಗಿಯೇ ಬಂದವು. ಅಲ್ಲಿಯ ಜನ ಚಳಿಗಾಲದ ಎರಡು ತಾಸಿನ ಬಿಸಿಲಿಗಾಗಿ ಇಡೀ ದಿನ ಕಾಯುವವರು ಎಂಬುದು ನನ್ನ ತಲೆಗೇ ಹೋಗಲಿಲ್ಲ. ಮರಗಳನ್ನು ಕಡಿದು ಒಲೆಗೆ ಹಾಕಿ, ಒಳ್ಳೆಯ ಸೌದೆ ಕೊಟ್ಟಿರಿ ಎಂದು ಕಾಗದ ಬರೆದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ.

ಈಗ ಉಪ್ಪಂಚಿನಲ್ಲಿದ್ದೇನೆ. ಕಡಲು ಒಳಗೆ ನುಗ್ಗಿ ಬಂದು ನಿಂತಿರುವ ಜಾಗ. ಕಂಬಗಳ ಮೇಲೆ ನಲವತ್ತು ಮನೆ. ಹಿತ್ತಲೆಂದರೆ ದೋಣಿಯಲ್ಲಿ ಮಣ್ಣು ತುಂಬಿ ಬೆಳೆಸಿದ ಹರಿವೆ, ಬಸಳೆ. ಕುಡಿಯುವ ನೀರು ಮಾಡಿನಿಂದ ಇಳಿದ ಮಳೆ. ಅನ್ನಕ್ಕೆ ಇರುವುದು ಕಗ್ಗ ಒಂದೇ. ಉಪ್ಪು ತಡೆಯುವ ಆ ಭತ್ತ ನಿಮ್ಮ ಕಾಲದಲ್ಲೂ ಇತ್ತೆಂದು ಕೇಳಿದ್ದೇನೆ. ಕೊಯ್ಲಾದ ಮೇಲೆ ಇವರು ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ಮಳೆಗಾಲದಲ್ಲಿ ಕಡಲ ನೀರು ಹಿಂದೆ ಸರಿಯುವ ಇಳಿತದ ಹೊತ್ತಿಗೆ ತೂಬಿನ ಹಲಗೆ ಎತ್ತಿ, ಮಳೆನೀರಿನ ಜೊತೆ ಉಪ್ಪನ್ನು ಹೊರಗೆ ಕಳಿಸಿ, ಆಮೇಲೆ ಬಿತ್ತುತ್ತಾರೆ. ಹಲಗೆ ಇಳಿಸಿದವರೇ ಅದನ್ನು ಎತ್ತಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ ಎಂಬುದು ಇಲ್ಲಿಯ ಕಟ್ಟಳೆ.

ಕೈಗೆ ಬಂದ ಮಳೆನೀರನ್ನು ಕಡಲಿಗೆ ಬಿಡುವುದನ್ನು ಕಂಡು ನನ್ನ ಜೀವ ಚುರ್ ಎಂದಿತು. ಬಯಲುಸೀಮೆಯವಳು ನಾನು. ಬಿದ್ದ ಹನಿ ಬಿದ್ದಲ್ಲೇ ಇಂಗಲಿ ಎಂದು ನೀವು ಏಳು ಕಡೆ ಬರೆದಿದ್ದೀರಿ. ಹನ್ನೆರಡು ನಿಮಿಷ ನಿಂತೆ, ಪಾಠ ಮಾಡಿದೆ, ಹಲಗೆಯನ್ನು ನನ್ನ ಕೈಯಿಂದಲೇ ಇಳಿಸಿದೆ. ತೂಬು ಕಾಯುವ ಗಿಡ್ಡಿಯಮ್ಮ ಒಂದೇ ಮಾತು ಹೇಳಿದರು: "ನಿಮ್ಮ ಪುಸ್ತಕಕ್ಕೆ ಉಪ್ಪು ಗೊತ್ತಿಲ್ಲ ಕಾಣ್ತದೆ." ನಾನು ನಕ್ಕೆ. ಮಳೆ ಬಂತು, ನೀರು ನಿಂತಿತು, ಅದರ ಜೊತೆ ಉಪ್ಪೂ ನಿಂತಿತು. ಸಸಿಗಳು ಬೆರಳುದ್ದ ಬರುವಷ್ಟರಲ್ಲಿ ಕೆಂಪಾಗಿ ಸತ್ತವು. ನಲವತ್ತು ಮನೆಗೆ ಈಗ ಒಂದೇ ಮುಡಿ ಬೀಜ ಉಳಿದಿದೆ, ಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಗಂಟು. ಅದೂ ಹೋದರೆ ಈ ಭತ್ತ ಬೇರೆಲ್ಲೂ ಇಲ್ಲ. ಬಿತ್ತದೆ ಇಟ್ಟರೆ ಮುಂದಿನ ಮಳೆಯವರೆಗೆ ಜೀವ ಹಿಡಿದೀತು, ಅದರಾಚೆ ಮೊಳೆಯುವುದಿಲ್ಲ.

ನಾಚಿಕೆಯನ್ನು ಬದಿಗಿಟ್ಟು ನಿನ್ನೆ ಗಿಡ್ಡಿಯಮ್ಮನ ಮನೆಗೆ ಹೋದೆ. ಇವರಿಗೆ ಎಲ್ಲ ತಿಳಿದಿದೆ, ಹೇಳಿದಂತೆ ಮಾಡಿದರಾಯಿತು ಎಂದುಕೊಂಡಿದ್ದೆ. ಆಕೆ ಗಂಜಿ ಬಡಿಸಿ, "ನಂಗೂ ಗೊತ್ತಿಲ್ಲ ಮಗಾ. ನಾನು ಕಂಡ ಕಡಲು ಇದಲ್ಲ. ಮೊದಲು ಇಳಿತ ಆದ್ರೆ ತೂಬಿನ ಬುಡದ ಕಲ್ಲು ಕಾಣ್ತಿತ್ತು, ಈಗ ನೀರು ಅಷ್ಟು ಇಳಿಯೂದಿಲ್ಲ, ಕಲ್ಲು ಕಾಣೂದೇ ಇಲ್ಲ" ಎಂದರು. ನನಗೆ ಕಾಲ ಕೆಳಗಿನ ಹಲಗೆಯೇ ಸರಿದಂತಾಯಿತು. ಪುಸ್ತಕವನ್ನು ನಂಬಿ ಕೆಟ್ಟೆ, ಇನ್ನು ಯಾರನ್ನು ನಂಬುವುದು? ತಪ್ಪು ಬರೆದದ್ದು ನೀವೋ, ತಪ್ಪಾಗಿ ಓದಿದ್ದು ನಾವೋ? ವರ್ಷ ಯಾವಾಗ ಹನ್ನೆರಡು ನಿಮಿಷವಾಯಿತು? ಬರೆಯುತ್ತಾ ಕುಳಿತರೂ ಬಗೆಹರಿಯುತ್ತಿಲ್ಲ.

ಕೊನೆಗೆ ಏನೂ ಅರಿಯದ ನಾವಿಬ್ಬರೂ ಕೂತು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಅರ್ಧ ಮುಡಿ ಈ ಸಲ ಬಿತ್ತುವುದು, ಅರ್ಧ ಮುಡಿ ಮುಂದಿನ ಮಳೆಗೆ ಇಡುವುದು. ಅಲ್ಲಿಯವರೆಗೆ ನಾನು ಇಲ್ಲೇ ಇದ್ದು, ಪ್ರತಿದಿನ ತೂಬಿನ ಬಳಿ ನೀರು ನಾಲಿಗೆಗೆ ಹಚ್ಚಿ ನೋಡಿ ಬರೆದಿಡುತ್ತೇನೆ. ಶಾಲೆಯವರು ಹೆಸರು ತೆಗೆದುಹಾಕಿದರೆ ಹಾಕಲಿ. ಬೀಜ ಮೊಳೆಯುತ್ತದೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ನನಗೆ ಭಯವಾಗುತ್ತಿದೆ.

ನೀವು ಇನ್ನೂ ಬರೆಯುತ್ತಿರುವ ಕಾಲಕ್ಕೆ ಈ ಕಾಗದ ಮುಟ್ಟಿದರೆ ಒಂದು ಬೇಡಿಕೆ. ಪ್ರತಿ ಪಾಠದ ಕೆಳಗೆ ಅದು ಯಾವ ಊರಿನದು, ಎಂಥ ಮಣ್ಣಿನದು ಎಂದು ಬರೆಯಿರಿ. ನೆಟ್ಟು ಸತ್ತ ಗಿಡಗಳ ಹೆಸರು ಬರೆಯಿರಿ. ನಿಮಗೆ ತಿಳಿಯದೆ ಹೋದದ್ದನ್ನೂ ಬರೆಯಿರಿ. ಮುನ್ನೂರು ವರ್ಷದಿಂದ ನಿಮಗೆ ಎಲ್ಲವೂ ಗೊತ್ತಿತ್ತು ಎಂದುಕೊಂಡೇ ನಾವು ಯಾರನ್ನೂ ಏನನ್ನೂ ಕೇಳಲಿಲ್ಲ.

ಇಳಿತ ಶುರುವಾಯಿತಂತೆ, ಕರೆಯುತ್ತಿದ್ದಾರೆ. ಹಲಗೆ ಎತ್ತಲು ಹೋಗುತ್ತೇನೆ.

ಗವಿಸಿದ್ದವ್ವ