ಜೇನುಮರದ ಮೂರು ಗೂಟಗಳು

ಜಾತಿ ಸರ್ಟಿಫಿಕೇಟಿಗೆ ರುಜು ಹಾಕುವ ಮಡಿಕೇರಿಯ ಮಾನ್ಯ ಅಧಿಕಾರಿಗಳೇ,

ದುಬಾರೆ ಕಾಡಿನ ಹಾಡಿಯ ಸಣ್ಣಸ್ವಾಮಿ ಜೇನುಕುರುಬನೋ ಅಲ್ಲವೋ ಎಂದು ತೀರ್ಮಾನಿಸಲು ತಮಗೆ ಮೂರು ತಿಂಗಳು ಸಾಲಲಿಲ್ಲ. ಕಾಡಿನ ಗಾರ್ಡಿಗೆ ಮೂರು ನಿಮಿಷ ಸಾಕಾಯಿತು. ಒಂದೇ ಸರ್ಕಾರದ ಎರಡು ಕಣ್ಣಿಗೆ ಒಬ್ಬನೇ ಮನುಷ್ಯ ಬೇರೆ ಬೇರೆಯಾಗಿ ಕಾಣುವುದಾದರೆ ಅದನ್ನು ಮೆಳ್ಳೆಗಣ್ಣು ಎನ್ನೋಣವೇ, ಒಂದು ಕಣ್ಣನ್ನು ಬೇಕೆಂದೇ ಮುಚ್ಚಿಕೊಂಡಿದೆ ಎನ್ನೋಣವೇ?

ಸಣ್ಣಸ್ವಾಮಿಯ ಮಗಳು ಗಂಗೆ ಎಂಟನೆಯ ತರಗತಿ ಪಾಸಾಗಿದ್ದಾಳೆ. ಆ ಹಾಡಿಯ ಗುಡಿಸಲುಗಳಲ್ಲಿ ಅಷ್ಟು ಓದಿದವರು ಹಿಂದೆ ಯಾರೂ ಇಲ್ಲ. ಶಿಕ್ಷಕಿಯರ ತರಬೇತಿಯ ಒಂದು ಮೀಸಲು ಸೀಟು ಬರುವ ಶನಿವಾರ ಸಂಜೆಯವರೆಗೆ ಅವಳಿಗಾಗಿ ಕಾಯುತ್ತದೆ. ಬೇಕಾದದ್ದು ತಮ್ಮದೊಂದು ರುಜು. ಕೊಡಗನ್ನು ಮೈಸೂರು ರಾಜ್ಯಕ್ಕೆ ಸೇರಿಸುವಾಗ ಸಣ್ಣಸ್ವಾಮಿಯನ್ನು ಯಾರೂ ಕೇಳಿರಲಿಲ್ಲ. ಊರಿನ ಜೊತೆ ಅವನೂ ಸೇರಿದ್ದಾನೆಂದು ನಾವು ನಂಬಿಕೊಂಡಿದ್ದೆವು.

ಅಡ್ಡ ಬಂದದ್ದು ನನ್ನ ಕೈಬರಹ, ಮುಚ್ಚಿಡುವುದಿಲ್ಲ. ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ರೈಟರಾಗಿ ಆಳುಗಳ ಹಾಜರಿ ಬರೆದವನು ನಾನು. ಸಣ್ಣಸ್ವಾಮಿ ಅಲ್ಲಿ ನೆರಳು ಮರಗಳ ಕೊಂಬೆ ಕಡಿಯಲು ಬರುತ್ತಿದ್ದ. ಗಂಗೆಯನ್ನು ಶಾಲೆಗೆ ಸೇರಿಸಿದವನೂ ನಾನೇ. ಹಾಡಿಯ ಮಗುವೆಂದು ತಿಳಿದರೆ ಬಾಗಿಲ ಬಳಿ ನೆಲದ ಮೇಲೆ ಕೂರಿಸಿಯಾರೆಂದು ಹೆದರಿ, ಜಾತಿಯ ಅಂಕಣದಲ್ಲಿ ‘ಗೌಡ’ ಎಂದು ಬರೆದೆ. ಅದು ನನ್ನ ಜಾತಿ. ಕೈಯಲ್ಲಿ ಇದ್ದದ್ದು ಅದೊಂದೇ, ಕೊಟ್ಟೆ. ಮಗು ಬೆಂಚಿನ ಮೇಲೆ ಕುಳಿತಿತು.

ಇಂದು ಅದೇ ಸಾಲಿನ ಮೇಲೆ ಬೆರಳಿಟ್ಟು ತಾವು ಅವಳನ್ನು ಹೊರಗೆ ಕಳಿಸಿದಿರಿ. ಸುಳ್ಳು ಬರೆದವನು ನಾನೇ ಎಂದು ಅಫಿಡವಿಟ್ ಕೊಟ್ಟೆ.

“ಸುಳ್ಳು ಬರೆಯೋ ಮನುಷ್ಯನ ಅಫಿಡವಿಟ್ಟನ್ನ ಹೇಗ್ರೀ ನಂಬೋದು?” ಎಂದಿರಿ.

ಸ್ವಾಮಿ, ಅದೇ ಮನುಷ್ಯ ಬರೆದ ಶಾಲೆಯ ಸಾಲನ್ನು ಹೇಗೆ ನಂಬಿದಿರಿ? ಆಮೇಲೆ ಗಂಗೆಯನ್ನು ಮೇಲಿಂದ ಕೆಳಗೆ ನೋಡಿ, “ಸೀರೆ ಉಟ್ಟಿದ್ದಾಳೆ, ತಡವರಿಸದೆ ಓದ್ತಾಳೆ. ಇವಳೆಂಥ ಕುರುಬರ ಹುಡುಗಿ?” ಎಂದಿರಿ. ಎಂಟು ವರ್ಷ ಓದಿಸಿದ ಸರ್ಕಾರವೇ ಓದು ಬಂದದ್ದಕ್ಕೆ ಅನುಮಾನಪಟ್ಟರೆ ಆ ಹುಡುಗಿ ಇನ್ನೇನನ್ನು ಮರೆತು ಬರಬೇಕಿತ್ತು?

ಕೊನೆಗೆ, “ಮೂರು ತಲೆಮಾರಿನ ದಾಖಲೆ ತನ್ನಿ” ಎಂದು ಎದ್ದಿರಿ. ನಾನು ಹಳೆಯ ಕಾಗದ ಹುಡುಕಲು ಮನೆಗೆ ಹೋದೆ. ಸಣ್ಣಸ್ವಾಮಿ ಕಾಡಿಗೆ ಹೋದ. ಅವನ ಮನೆತನದ್ದೆಂದು ಒಂದು ಜೇನುಮರವಿದೆ. ಹತ್ತುವುದಕ್ಕೆ ಕಾಂಡಕ್ಕೆ ಗೂಟ ಹೊಡೆಯುತ್ತಾರೆ. ಅಜ್ಜ ಹೊಡೆದು ಬಿಟ್ಟಲ್ಲಿಂದ ಅಪ್ಪ, ಅಪ್ಪ ಬಿಟ್ಟಲ್ಲಿಂದ ಮಗ. ಆ ಗೂಟ ಕಂಡರೆ ಬೇರೆ ಮನೆಯವರು ಮರ ಮುಟ್ಟುವುದಿಲ್ಲ. ಹಿರಿಯರ ಗೂಟವನ್ನು ಕಿತ್ತ ಮನೆಗೆ ಆ ಮರದ ಹಕ್ಕು ಅಂದಿಗೇ ಮುಗಿಯಿತು. ಸಣ್ಣಸ್ವಾಮಿ ಕಿತ್ತ. ತೊಗಟೆ ನುಂಗಿದ್ದ ಅಜ್ಜನ ಗೂಟವನ್ನು ಕತ್ತಿಯಲ್ಲಿ ಬಿಡಿಸುತ್ತಿದ್ದಾಗ ಗಾರ್ಡು ಹಿಡಿದ.

“ಏನೋ ಇದು, ಮರ ಕಡೀತಿದ್ದೀಯಾ?”

“ದಾಖಲೆ, ಬುದ್ದಿ. ಇದು ಅಜ್ಜಂದು, ಇದು ಅಪ್ಪಂದು, ಇದು ನಂದು. ಮಡಿಕೇರಿ ಸಾಹೇಬ್ರು ಕೇಳವ್ರೆ.”

ಮರಕ್ಕೆ ಗಾಯ ಮಾಡಿದ ಕೇಸಾಯಿತು. ಆರೋಪಿಯ ಜಾತಿ: ಜೇನುಕುರುಬ. ಅಫಿಡವಿಟ್ ಬೇಡ, ಅಜ್ಜನೂ ಬೇಡ, ಬರೆದೇಬಿಟ್ಟರು!

ಕೋರ್ಟಿನಲ್ಲಿ ನಾನು ಪಕ್ಕದಲ್ಲೇ ಇದ್ದೆ. “ತಪ್ಪು ಒಪ್ಪಬೇಡ ಮಾರಾಯ, ವಕೀಲರನ್ನ ಹಿಡಿಯುವ” ಎಂದು ಕಿವಿಯಲ್ಲಿ ಹೇಳಿದೆ. ಅವನು ಮ್ಯಾಜಿಸ್ಟ್ರೇಟರನ್ನೇ ಕೇಳಿದ: “ಒಪ್ಕಂಡ್ರೆ ತೀರ್ಪಲ್ಲಿ ಜೇನುಕುರುಬ ಅಂತ ಬರೀತೀರಾ, ಬುದ್ದಿ? ಮೊಹರು ಇರ್ತದಾ?”

ಕೋರ್ಟೆಲ್ಲ ನಕ್ಕಿತು. ಇರುತ್ತದೆ ಎಂದರು ಮ್ಯಾಜಿಸ್ಟ್ರೇಟರು. ಒಪ್ಪಿಕೊಂಡ. ಹದಿನೈದು ದಿನ ಸಜೆ.

ಆ ತೀರ್ಪಿನ ಮೊಹರು ಬಿದ್ದ ಪ್ರತಿಯನ್ನು ಮೊನ್ನೆ ತಮ್ಮ ಮೇಜಿನ ಮೇಲಿಟ್ಟೆ. “ಇದು ಕ್ರಿಮಿನಲ್ ಕಾಗದ, ಜಾತಿಗೆ ನಡೆಯಲ್ಲ” ಎಂದು ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದಿರಿ. ಅಂದರೆ ಈ ಮನುಷ್ಯ ಜೈಲಿಗೆ ಹೋಗುವಷ್ಟು ಕುರುಬ, ಮಗಳನ್ನು ಓದಿಸುವಷ್ಟು ಅಲ್ಲ. ಉಣ್ಣಲು ಕುಳಿತಾಗಲೂ ಆ ಬೆರಳು ಕಣ್ಣಿಗೆ ಕಟ್ಟಿ ಹೇಸಿಗೆಯಾಗುತ್ತಿದೆ.

ಆದ್ದರಿಂದ ಶನಿವಾರದೊಳಗೆ ರುಜು ಹಾಕಿ. ಹಾಕಲಾರಿರಾದರೆ, ಸಣ್ಣಸ್ವಾಮಿ ಜೇನುಕುರುಬನಲ್ಲ ಎಂದು ತಮ್ಮ ಕೈಯಾರೆ ಬರೆದುಕೊಡಿ. ಅದನ್ನು ಹಿಡಿದು ಕೋರ್ಟಿಗೆ ಹೋಗಿ, ಶಿಕ್ಷೆಯಾದವನು ಇವನಲ್ಲ, ಬಿಡಿ ಎನ್ನುತ್ತೇನೆ. ಶಾಲೆಯಲ್ಲಿ ಸುಳ್ಳು ಬರೆದದ್ದಕ್ಕೆ ನನ್ನ ಮೇಲೆ ಕೇಸು ಹಾಕಿ, ನಾನೂ ಒಪ್ಪಿಕೊಳ್ಳುತ್ತೇನೆ. ಮೂರು ಗೂಟಗಳು ಚೀಟಿ ಅಂಟಿಸಿಕೊಂಡು ಕೋರ್ಟಿನ ಬೀರುವಿನಲ್ಲಿವೆ. ಸಣ್ಣಸ್ವಾಮಿ ಬಿಡುಗಡೆಯಾಗಿ ಬಂದರೂ ಆ ಮರ ಹತ್ತುವಂತಿಲ್ಲ. ತಾವು ಕೇಳಿದ್ದನ್ನು ಅವನು ತಂದದ್ದಾಗಿದೆ.

ಇಂತಿ,
ತನ್ನ ಜಾತಿಯನ್ನು ಒಂದು ಮಗುವಿಗೆ ಕೊಟ್ಟು, ಈಗ ದಯವಿಟ್ಟು ಅದನ್ನು ಅವಳಿಂದ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳಿಕೊಳ್ಳುತ್ತಿರುವ
ಮಾಜಿ ಎಸ್ಟೇಟ್ ರೈಟರ್ ಬೆಳ್ಯಪ್ಪ
ಜೂನ್ 1959