ಹೊರಡುವವನ ಕೊರಳಪಟ್ಟಿ ಹಿಡಿದು ಕೇಳಿದ ಪ್ರಶ್ನೆ

…ಬೇಜಾರು ಮಾಡಿಕೊಳ್ಳಬೇಡಿ, ಮತ್ತೆ ಮೊದಲಿಂದ ಶುರುಮಾಡುತ್ತಿದ್ದೇನೆ. ಹಿಂದಿನ ಎರಡು ರೆಕಾರ್ಡಿಂಗ್‌ಗಳಲ್ಲಿ ಬೈಗುಳವೇ ಜಾಸ್ತಿಯಾಗಿತ್ತು. ಇದನ್ನು ಕೇಳಿ ಟೈಪ್ ಮಾಡುವ ನನ್ನ ಹೆಂಡತಿ, "ರೀ, ಇದನ್ನ ಯಾವ ಪತ್ರಿಕೆಯೋರೂ ಹಾಕಲ್ಲ" ಎಂದಳು. ಹಾಗಾಗಿ ಮರ್ಯಾದೆಯಿಂದಲೇ ಹೇಳುತ್ತೇನೆ. ಮಾನ್ಯ ವೆಬ್‌ಸೈಟ್ ಅಧಿಕಾರಿಗಳೇ, "ಹೊರಡುವ ಮುನ್ನ ನಿಮ್ಮ ಅಭಿಪ್ರಾಯ" ಎಂಬ ನಿಮ್ಮ ಪ್ರಶ್ನಾವಳಿ ನನ್ನ ಅಕ್ಕನ ಕಿವಿಯನ್ನು ಕಿತ್ತುಕೊಂಡಿದೆ.

ಅಕ್ಕ ಬಟ್ಟೆ ಹೊಲಿಯುವವಳು. ಅವಳ ಕಿವಿಯ ಮಷೀನು ಕೆಟ್ಟು ಮೂರು ತಿಂಗಳಾಯಿತು. ಈಗ ಗಿರಾಕಿಗಳು ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ತೋರಿಸಬೇಕು. ಅಷ್ಟು ತಾಳ್ಮೆ ಇಲ್ಲದವರು ಎದುರಂಗಡಿಗೆ ಹೋಗುತ್ತಾರೆ. ಹೊಸ ಮಷೀನನ್ನು ನಿಮ್ಮ ಸರ್ಕಾರಿ ಕಚೇರಿ ಪುಕ್ಕಟೆ ಕೊಡುತ್ತದೆ, ಅರ್ಜಿ ಮಾತ್ರ ವೆಬ್‌ಸೈಟಿನಲ್ಲೇ ಹಾಕಬೇಕು. ಕೊನೆಯ ದಿನ ಮಧ್ಯಾಹ್ನ ನನ್ನ ಅಂಗಡಿ ಮುಚ್ಚಿ, ಮೊಬೈಲ್ ಹಿಡಿದು ಕೂತೆ.

ಐದು ಪುಟ ತುಂಬಿದೆ. ಆರನೆಯದರಲ್ಲಿ, ಮೊಬೈಲಿಗೆ ಬಂದ ಸಂಖ್ಯೆಯನ್ನು ಎರಡು ನಿಮಿಷದೊಳಗೆ ಹಾಕಿ ಎಂದಿರಿ. ಸಂಖ್ಯೆ ನೋಡಲು ಮೆಸೇಜಿಗೆ ಹೋಗಬೇಕಲ್ಲವೇ? ಹೋಗಿ ಬರುವಷ್ಟರಲ್ಲಿ, ನಾನು ಬಿಟ್ಟೇ ಹೊರಟೆ ಎಂದುಕೊಂಡ ನಿಮ್ಮ ಜಾಣ ವೆಬ್‌ಸೈಟು ಅಡ್ಡ ನಿಂತಿತ್ತು: "ನೀವು ಬಂದ ಕೆಲಸ ಆಯಿತೇ?" ಇಲ್ಲ ಎಂದು ಒತ್ತಿದೆ. ಒಳಗಿಂದ ಹದಿನಾಲ್ಕು ಪ್ರಶ್ನೆ ಬಂದವು. ಬಣ್ಣ ಹಿತವಾಗಿದೆಯೇ? ನಮ್ಮನ್ನು ಬಂಧುಮಿತ್ರರಿಗೆ ಶಿಫಾರಸು ಮಾಡುವಿರಾ? ಯಾವ ಬಂಧುವಿಗೆ ಸ್ವಾಮಿ, ಕಿವಿ ಕೇಳದ ಅಕ್ಕನಿಗಾ? ಎರಡು ನಿಮಿಷ ಮುಗಿಯಿತು, ಸಂಖ್ಯೆ ಸತ್ತಿತು. ಹೊಸ ಸಂಖ್ಯೆ ತರಿಸಿ ನೋಡಿ ಬಂದರೆ ಮತ್ತೆ ಅದೇ ಪ್ರಶ್ನೆ. ಈ ಸಲ ಹೌದು ಎಂದೆ. ಒಂದೇ ಏಟಿಗೆ ಪ್ರಶ್ನೆ ಮಾಯವಾಯಿತು, "ಧನ್ಯವಾದ" ಎಂದಿತು. ಬುದ್ಧಿವಂತನಾದೆ ಅಂದುಕೊಂಡು ಸಂಖ್ಯೆ ಹಾಕಿದೆ, ಅರ್ಜಿ ಹೋಯಿತು ಎಂದೇ ನಂಬಿದೆ.

ನಾನು ಬೀಗ ರಿಪೇರಿ ಮಾಡುವವನು, ಇಪ್ಪತ್ತೆಂಟು ವರ್ಷದಿಂದ. ಎಂಥೆಂಥ ಬಾಗಿಲು ನೋಡಿದ್ದೇನೆ. ಒಳಗೆ ಬಿಡದ ಬಾಗಿಲಿದೆ, ಹೊರಗೆ ಬಿಡದ್ದೂ ಇದೆ. ಆದರೆ ಬೆರಳು ಸಂದಿನಲ್ಲಿ ಸಿಕ್ಕಿಸಿಕೊಂಡು "ನಮ್ಮ ಬಾಗಿಲು ಹೇಗನಿಸಿತು?" ಎಂದು ಕೇಳುವ ಬಾಗಿಲನ್ನು ಮಾಡಿದ ಕೀರ್ತಿ ನಿಮ್ಮೊಬ್ಬರದೇ. ನೋವಾಯಿತು ಎಂದರೆ ಇನ್ನಷ್ಟು ಒತ್ತುತ್ತದೆ, ಚೆನ್ನಾಗಿದೆ ಎಂದರೆ ಬಿಡುತ್ತದೆ. ಹೀಗೆ ಕೇಳಿದರೆ ಯಾರು ತಾನೇ ಚೆನ್ನಾಗಿಲ್ಲ ಅಂದಾರು?

ತಿಂಗಳಾದರೂ ಸುದ್ದಿಯಿಲ್ಲ. ನಿಮ್ಮ ಕಚೇರಿಗೇ ಹೋದೆ. ಕೌಂಟರಿನ ಗುಮಾಸ್ತರು ಕಂಪ್ಯೂಟರ್ ನೋಡಿ ಹೇಳಿದರು:

"ಯಜಮಾನ್ರೇ, ಇದು ಆರನೇ ಪುಟದಲ್ಲೇ ಮುಗಿದೋಗಿದೆ. ಕೆಲಸ ಆಯ್ತು ಅಂತ ನೀವೇ ಒತ್ತಿದ್ದೀರಲ್ಲ."

"ಆ ಪ್ರಶ್ನೆ ತೊಲಗಲಿ ಅಂತ ಒತ್ತಿದೆ ಸಾರ್."

"ಎಲ್ರೂ ಅದಕ್ಕೇ ಒತ್ತೋದು. ಆದ್ರೆ ಕೆಲಸ ಆಯ್ತು ಅಂದೋರ ಅರ್ಜಿ ತಾನಾಗೇ ಮುಚ್ಕೊಳತ್ತೆ. ಮುಂದಿನ ವರ್ಷ ಹಾಕಿ."

ಎಲ್ಲರೂ ಅದಕ್ಕೇ ಒತ್ತುವುದು! ಗುಮಾಸ್ತರಿಗೆ ಗೊತ್ತು, ನನಗೆ ಗೊತ್ತಾಯಿತು. ನಿಮಗೊಬ್ಬರಿಗೇ ಗೊತ್ತಿಲ್ಲವೇ? ಅವರ ತಲೆಯ ಮೇಲೆ ಗೋಡೆಗೆ ದೊಡ್ಡ ಫಲಕ ಬೇರೆ: ನೂರಕ್ಕೆ ತೊಂಬತ್ತಾರು ಮಂದಿ ತೃಪ್ತರು. ಅದರ ಕೆಳಗಿನ ಬೆಂಚಿನಲ್ಲಿ ಹನ್ನೊಂದು ಜನ ಕೂತಿದ್ದರು, ಒಬ್ಬರ ಮುಖದಲ್ಲೂ ಆ ತೃಪ್ತಿ ಕಾಣಲಿಲ್ಲ. ಅಭಿಪ್ರಾಯ ಬೇಕಿದ್ದರೆ ಎದ್ದು ಬಂದು ಆ ಬೆಂಚನ್ನು ಕೇಳಬಹುದಿತ್ತು. ನಿಮ್ಮ ಕೋಣೆಯಿಂದ ಎಂಟು ಹೆಜ್ಜೆ, ಎಣಿಸಿದ್ದೇನೆ.

ನನ್ನ ಬೇಡಿಕೆ ಸಣ್ಣದು. ಅಕ್ಕನ ಅರ್ಜಿಯನ್ನು ತೆರೆಯಿರಿ, ಈ ವರ್ಷವೇ. ಪ್ರಶ್ನೆ ಕೇಳುವ ಚಪಲವಿದ್ದರೆ ಕೆಲಸ ಮುಗಿದ ಮೇಲೆ ಕೇಳಿ, ಮತ್ತು ಉತ್ತರವನ್ನು ಅರ್ಜಿಗೆ ಗಂಟು ಹಾಕಬೇಡಿ. ಇನ್ನು ಆ ತೊಂಬತ್ತಾರರಲ್ಲಿ ನನ್ನದೊಂದಿದೆಯಲ್ಲ, ಅದನ್ನು ನನಗೆ ವಾಪಸ್ ಕೊಡಿ. ಇನ್ನೊಂದು ಮುಖ್ಯವಾದ ವಿಷಯ ಏನೆಂದರೆ…

ತಡೀರಿ, ಒಳಗಿಂದ ಅಕ್ಕ ಕೂಗುತ್ತಿದ್ದಾಳೆ. "ಬಂದೆ ಅಕ್ಕಾ!"

ಮತ್ತೆ ಕೂಗುತ್ತಿದ್ದಾಳೆ. ಬಂದೆ ಅಂದರೆ ಅವಳಿಗೆ ಕೇಳಿಸಬೇಕಲ್ಲ. ಎದ್ದೇ ಹೋಗಬೇಕು. ಇಡುತ್ತೇನೆ.

ಇಂತಿ,
ನಿಮ್ಮ ಫಲಕದಲ್ಲಿ ತೃಪ್ತನಾಗಿರುವ ಬೀಗದವನು