ಹಾಸ್ಟೆಲಿನ ಬಾಗಿಲಿನಿಂದ ವಾಪಸ್

ಅಪ್ಪಾ,

ನೀವಿಲ್ಲ, ಇದನ್ನು ಓದುವುದೂ ಇಲ್ಲ. ಆದರೂ ನಿಮಗೇ ಹೇಳಬೇಕು.

ನಿನ್ನೆ ಪ್ರಣತಿಯನ್ನು ಚಿಕ್ಕಮಗಳೂರಿನ ಹಾಸ್ಟೆಲಿಗೆ ಸೇರಿಸಲು ಹೋಗಿದ್ದೆವು. ಎಸ್ಟೇಟಿನ ಮಕ್ಕಳು ಉದ್ಧಾರವಾಗಬೇಕಾದರೆ ಹಾಸ್ಟೆಲೇ ಸರಿ ಎನ್ನುತ್ತಿದ್ದಿರಿ. ನನ್ನನ್ನೂ ಒಂದನೇ ಕ್ಲಾಸಿಗೇ ಬಿಟ್ಟು ಬಂದಿರಿ.

ಮಗಳು ನನ್ನ ಕೈ ಬಿಡಲಿಲ್ಲ. ವಾರ್ಡನ್ ನಗುತ್ತಾ, "ಎರಡು ದಿನ ಅಳ್ತಾಳೆ, ಆಮೇಲೆ ಮನೆ ನೆನಪೇ ಇರಲ್ಲ. ನೀವು ತಿರುಗಿ ನೋಡ್ದೆ ಹೋಗಿ" ಎಂದರು.

ನೀವು ಹಾಗೆಯೇ ಹೋಗಿದ್ದಿರಿ. ನಾನು ಹೋಗಲಿಲ್ಲ. ಟ್ರಂಕನ್ನು ಮತ್ತೆ ಜೀಪಿಗೆ ಹಾಕಿದೆ.

"ಜನ ಏನಂತಾರೆ ಮಾರಾಯ್ತಿ?" ಎಂದು ನನ್ನ ಗಂಡ ಶಶಿಧರ್ ಗದರಿದರು.

"ಅಂದ್ಕೊಳ್ಳಲಿ. ನನ್ನ ಮಗಳು ಮನೇಲಿದ್ದೇ ಓದ್ತಾಳೆ."

ಅವರು ಬಾಗಿಲನ್ನು ದಢಾರನೆ ಎಳೆದುಕೊಂಡು, ಜೀಪನ್ನು ಸಂಸೆಯ ನಮ್ಮ ಮನೆಯ ಕಡೆ ತಿರುಗಿಸಿದರು.

ಇವತ್ತು ಅವಳನ್ನು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿದೆ. ನಮ್ಮ ತೋಟದಲ್ಲಿ ಕೆಲಸ ಮಾಡುವವರ ಮಕ್ಕಳು ಓದುವ ಶಾಲೆ. ಹೆಡ್ ಮೇಡಂ ಗಾಬರಿಯಾಗಿ ಎದ್ದು ನಿಂತರು. "ನಿಮ್ಮ ಮಗೂನಾ? ಇಲ್ಲಿಗಾ?"

"ಹೌದು ಮೇಡಂ, ಇಲ್ಲಿಗೇ. ಸಂಜೆ ಮನೆಗೆ ಬರ್ತಾಳಲ್ಲ."

ನಾನು ಮಾಡಿದ್ದು ಸರಿ ಅಪ್ಪಾ. ನೀವಿದ್ದಿದ್ದರೂ ಇದನ್ನೇ ಮಾಡುತ್ತಿದ್ದೆ. ನೀವು ಓದಿಸಿದ್ದಕ್ಕೆ ನನಗೆ ಇಂಗ್ಲಿಷ್ ಸಲೀಸಾಗಿ ಬರುತ್ತದೆ, ನಿಜ. ರಜೆಗೆ ಬಂದಾಗ ನಿಮ್ಮ ಹತ್ತಿರ ಏನು ಮಾತಾಡಬೇಕೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಈಗ ಪಡಸಾಲೆಯಲ್ಲಿ ಪ್ರಣತಿ ಶಾಲೆಯಲ್ಲಿ ನಡೆದದ್ದನ್ನೆಲ್ಲ ಅವಳಪ್ಪನಿಗೆ ಹೇಳುತ್ತಿದ್ದಾಳೆ. ಶಶಿಧರ್ ಅವರ ಮುನಿಸು ಇನ್ನೂ ಇಳಿದಿಲ್ಲ. ಆದರೂ ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ "ಆಮೇಲೆ?" ಎಂದು ಕೇಳುತ್ತಿದ್ದಾರೆ.

ನಿಮ್ಮ ಮಗಳು,
ಚೇತನಾ